ಕನ್ಸೋಲ್ ಎಮ್ಯುಲೇಷನ್‌ನ ಆರಂಭದ ವರ್ಷಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ವಿಡಿಯೋ ಗೇಮ್‌ಗಳನ್ನು ಮೊಬೈಲ್‌ನಲ್ಲಿ ಆಡುವವರು ಈಗ ಎಲ್ಲೆಲ್ಲೂ ಇದ್ದಾರೆ. ಅವುಗಳನ್ನು ನಡೆಸುವ ತಂತ್ರಾಂಶವನ್ನು ಯಾರು, ಯಾವಾಗ, ಹೇಗೆ ಬರೆದರು ಎಂದು ವಿಚಾರಿಸುವವರು ಕಡಿಮೆ. ವಿಚಾರಿಸಿದರೂ ಮಾತು ಬೇಗನೆ "ಇದು ಕಳ್ಳತನವಲ್ಲವೇ?" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಆ ಪ್ರಶ್ನೆಗೂ ಇಲ್ಲಿ ಉತ್ತರವಿದೆ. ಆದರೆ ಈ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಬೇರೆ. ತಯಾರಕ ಕಂಪನಿಗಳು ಬೀಗ ಹಾಕಿಟ್ಟಿದ್ದ ಯಂತ್ರವಿವರಗಳನ್ನು ಹೊರಗಿನವರು ಒಂದೊಂದಾಗಿ ಕಂಡುಹಿಡಿದರು, ಎಲ್ಲರೂ ಓದುವಂತೆ ಬರೆದಿಟ್ಟರು. ಅವರಲ್ಲಿ ಅನೇಕರು ಇನ್ನೂ ಓದುತ್ತಿದ್ದ ಹುಡುಗರು.

ಎಮ್ಯುಲೇಟರ್ ನಿಜವಾಗಿ ಏನು ಮಾಡುತ್ತದೆ?

ಎಮ್ಯುಲೇಟರ್‌ನೊಳಗೆ ಆಟ ಇರುವುದಿಲ್ಲ. ಒಂದು ಯಂತ್ರದ ವರ್ತನೆಯನ್ನು ಇನ್ನೊಂದು ಯಂತ್ರದ ಮೇಲೆ ತಂತ್ರಾಂಶದ ಮೂಲಕ ಮರುಸೃಷ್ಟಿಸುವುದಷ್ಟೇ ಅದರ ಕೆಲಸ. ಆಟ ಬೇರೆ ಕಡತವಾಗಿ ಬರುತ್ತದೆ. ಕಾರ್ಟ್ರಿಜ್‌ನ, ಅಂದರೆ ಯಂತ್ರಕ್ಕೆ ಸಿಕ್ಕಿಸುವ ಆಟದ ಕ್ಯಾಸೆಟ್‌ನ, ಚಿಪ್‌ನಲ್ಲಿದ್ದ ಮಾಹಿತಿಯ ಯಥಾಪ್ರತಿಯಾದ ಆ ಕಡತವನ್ನು ರೋಮ್ ಎಂದು ಕರೆಯುತ್ತಾರೆ. ಮುಂದಿನ ಎಲ್ಲ ವಾದ-ವಿವಾದಗಳೂ ಈ ವ್ಯತ್ಯಾಸದ ಮೇಲೆ ನಿಂತಿವೆ.

1983ರ ಜುಲೈನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಎಂಬ ಕನ್ಸೋಲನ್ನೇ, ಅಂದರೆ ಟಿ.ವಿ.ಗೆ ಜೋಡಿಸಿ ಆಡುವ ಗೇಮ್ ಯಂತ್ರವನ್ನೇ ನೋಡೋಣ. ಹೊರಮೈ ಬದಲಿಸಿಕೊಂಡು ಅದು ಅಮೆರಿಕದಲ್ಲಿ ಎನ್‌ಇಎಸ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಅದರೊಳಗೆ ರಿಕೊ ಕಂಪನಿ ತಯಾರಿಸಿದ, 6502 ವಂಶದ ಒಂದು ಪ್ರೊಸೆಸರ್ ಇದೆ. ಅದರ ವೇಗ ಸುಮಾರು 1.79 ಮೆಗಾಹರ್ಟ್ಸ್, ಕೆಲಸಕ್ಕೆ ಸಿಗುವ ಮೆಮೊರಿ 2 ಕಿಲೋಬೈಟ್. ಚಿತ್ರ ಬಿಡಿಸಲು ಪಿಪಿಯು ಎಂಬ ಪ್ರತ್ಯೇಕ ಚಿಪ್ ಇದೆ. 6502ರ ಕೈಪಿಡಿ ಯಾರಿಗೆ ಬೇಕಾದರೂ ಸಿಗುತ್ತಿತ್ತು, ಹಾಗಾಗಿ ಪ್ರೊಸೆಸರ್‌ನ ಭಾಗ ಅಷ್ಟು ಕಷ್ಟವಾಗಲಿಲ್ಲ. ಪಿಪಿಯುವಿನ ವಿವರಗಳಾದರೋ ನಿಂಟೆಂಡೊದಿಂದ ಪರವಾನಗಿ ಪಡೆದವರಿಗೆ ಮಾತ್ರ ತಿಳಿದಿದ್ದವು. ಅದು ಪರದೆಯ ಮೇಲೆ ಚುಕ್ಕೆಗಳನ್ನು ಯಾವ ಕ್ರಮದಲ್ಲಿ ಇಡುತ್ತದೆ, ಪ್ರೊಸೆಸರ್ ನಡುವೆ ಕೈಹಾಕಿದರೆ ಏನಾಗುತ್ತದೆ ಎಂಬುದನ್ನು ಪ್ರಯೋಗದಿಂದಲೇ ತಿಳಿಯಬೇಕಿತ್ತು.

ಇದರ ಮೇಲೆ ಕಾರ್ಟ್ರಿಜ್‌ಗಳ ತೊಡಕು ಬೇರೆ. ಪ್ರೊಸೆಸರ್‌ಗೆ ಆಟದ ಕೋಡ್ ಒಮ್ಮೆಗೆ ಸಾಮಾನ್ಯವಾಗಿ 32 ಕಿಲೋಬೈಟ್‌ನಷ್ಟು ಮಾತ್ರ ಕಾಣುತ್ತದೆ. ದೊಡ್ಡ ಆಟಗಳು ಬೇಕಾದಾಗ ಬೇಕಾದ ತುಂಡನ್ನು ಕಣ್ಣೆದುರು ತರಲು ಕಾರ್ಟ್ರಿಜ್‌ನೊಳಗೇ ಒಂದು ಚಿಪ್ ಇಟ್ಟುಕೊಂಡಿರುತ್ತಿದ್ದವು. ಅದಕ್ಕೆ ಮ್ಯಾಪರ್ ಎಂದು ಹೆಸರಾಯಿತು. ನಿಂಟೆಂಡೊ ಬಳಸಿದ್ದು ಒಂದು ಬಗೆ, ಕೊನಾಮಿ ಬಳಸಿದ್ದು ಇನ್ನೊಂದು ಬಗೆ, ತೈವಾನಿನ ನಕಲುದಾರರು ಬಳಸಿದ್ದು ಮತ್ತೊಂದು. ಒಂದೊಂದಕ್ಕೂ ಎಮ್ಯುಲೇಟರ್‌ನಲ್ಲಿ ಬೇರೆ ಬೇರೆ ಕೋಡ್ ಬರೆಯಬೇಕು. ಪ್ರೊಸೆಸರ್ ಸರಿಯಾದ ಮಾತ್ರಕ್ಕೆ ಆಟವೆಲ್ಲ ನಡೆಯುವುದಿಲ್ಲ ಎಂಬುದು ಮೊದಲ ತಲೆಮಾರಿನವರಿಗೆ ಬೇಗನೆ ಅರಿವಾದದ್ದು ಹೀಗೆ.

ಮೊದಲ ಕನ್ಸೋಲ್ ಎಮ್ಯುಲೇಟರ್ ಯಾವುದು?

ಎಮ್ಯುಲೇಷನ್ ಎಂಬ ಕಲ್ಪನೆ ಆಟಗಳಿಗಿಂತ ಹಳೆಯದು. 1964ರಲ್ಲಿ ಐಬಿಎಂ ತನ್ನ ಸಿಸ್ಟಂ/360 ಸರಣಿಯನ್ನು ಪ್ರಕಟಿಸಿದಾಗ, ಗ್ರಾಹಕರ ಬಳಿ ಇದ್ದ 1401 ಯಂತ್ರದ ಪ್ರೋಗ್ರಾಂಗಳು ಹೊಸದರಲ್ಲೂ ನಡೆಯುವ ವ್ಯವಸ್ಥೆ ಮಾಡಿತ್ತು. ಕನ್ಸೋಲ್ ಲೋಕದಲ್ಲಿ 1982ರಲ್ಲಿ ಕೊಲೆಕೊ ಕಂಪನಿ ತನ್ನ ಕೊಲೆಕೊವಿಷನ್‌ಗೆ ಜೋಡಿಸುವ ಒಂದು ಉಪಕರಣ ತಂದಿತು. ಅದರಲ್ಲಿ ಅಟಾರಿ 2600ರ ಆಟಗಳು ನಡೆಯುತ್ತಿದ್ದವು. ಅದು ಬಿಡಿ ಚಿಪ್‌ಗಳಿಂದ ಕಟ್ಟಿದ ಇನ್ನೊಂದು ಅಟಾರಿಯೇ ಹೊರತು ಎಮ್ಯುಲೇಟರ್ ಅಲ್ಲ. ಅಟಾರಿ ದಾವೆ ಹೂಡಿತು, ಕೊನೆಗೆ ಪರವಾನಗಿ ಶುಲ್ಕದ ಒಪ್ಪಂದದಲ್ಲಿ ಮುಗಿಯಿತು.

ತಂತ್ರಾಂಶದ ರೂಪದಲ್ಲಿ ಇಂದು ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಫ್ಯಾಮಿಕಾಮ್ ಎಮ್ಯುಲೇಟರ್ 1990ರ ಡಿಸೆಂಬರ್‌ನದು. ಹರುಹಿಸಾ ಉದಗಾವಾ ಎಂಬ ಜಪಾನಿ ಪ್ರೋಗ್ರಾಮರ್ ಅದನ್ನು ಫುಜಿತ್ಸು ಕಂಪನಿಯ ಎಫ್‌ಎಂ ಟೌನ್ಸ್ ಕಂಪ್ಯೂಟರಿಗೆ ಬರೆದರು. ಆವೃತ್ತಿ ಸಂಖ್ಯೆ 0.35. ಕೆಲವೇ ಸರಳ ಆಟಗಳು ಅದರಲ್ಲಿ ನಡೆಯುತ್ತಿದ್ದವು. ಫ್ಯಾಮಿಕಾಮ್ ಇನ್ನೂ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಕಾಲ ಅದು, ಅದರ ಮುಂದಿನ ಯಂತ್ರವಾದ ಸೂಪರ್ ಫ್ಯಾಮಿಕಾಮ್ (ಅಮೆರಿಕದಲ್ಲಿ ಸೂಪರ್ ನಿಂಟೆಂಡೊ) ಬಂದು ಸುಮಾರು ಒಂದು ತಿಂಗಳು ಆಗಿತ್ತಷ್ಟೆ. ಅದೇ ಎಫ್‌ಎಂ ಟೌನ್ಸ್ ಮೇಲೆ ಹುಟ್ಟಿ, ಆಮೇಲೆ ವಿಂಡೋಸ್‌ಗೂ ಬಂದ ಪಾಸೊಫಾಮಿ ಹಣ ಕೊಟ್ಟು ಕೊಳ್ಳಬೇಕಾದ ಎಮ್ಯುಲೇಟರ್ ಆಗಿತ್ತು.

ಈ ಜಪಾನಿ ಕೆಲಸ ಪಶ್ಚಿಮದವರಿಗೆ ಬಹುಕಾಲ ಗೊತ್ತೇ ಇರಲಿಲ್ಲ. ಎಮ್ಯುಲೇಷನ್‌ನ ಕಥೆಯನ್ನು ಅಮೆರಿಕದಿಂದ ಆರಂಭಿಸುವ ಅಭ್ಯಾಸ ಇಂದಿಗೂ ಬಿಟ್ಟಿಲ್ಲ. ಅದು ಉದಗಾವಾ ಅವರಿಗೆ ಮಾಡುವ ಅನ್ಯಾಯ.

ಐಎನ್‌ಇಎಸ್ ಎಂಬ ಹೆಸರು ಎಲ್ಲೆಡೆ ಕಾಣುತ್ತದೆ. ಅದಕ್ಕೇಕೆ ಅಷ್ಟು ಮಹತ್ವ?

ಮರಾತ್ ಫೈಜುಲ್ಲಿನ್ ರಷ್ಯಾ ಮೂಲದವರು, ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಎಂಎಸ್‌ಎಕ್ಸ್ ಕಂಪ್ಯೂಟರಿನ ಎಮ್ಯುಲೇಟರ್‌ನಿಂದ ಆರಂಭಿಸಿ, 1995ರಲ್ಲಿ ನಿಂಟೆಂಡೊದ ಕೈಯಲ್ಲಿ ಹಿಡಿದು ಆಡುವ ಯಂತ್ರ ಗೇಮ್ ಬಾಯ್‌ಗೆ ವರ್ಚುವಲ್ ಗೇಮ್ ಬಾಯ್, 1996ರಲ್ಲಿ ಎನ್‌ಇಎಸ್‌ಗೆ ಐಎನ್‌ಇಎಸ್ ಬರೆದರು. ಎನ್‌ಇಎಸ್ ವಿಷಯದಲ್ಲಿ ಅಲೆಕ್ಸ್ ಕ್ರಾಸಿವ್‌ಸ್ಕಿ ಎಂಬವರ ಮೊದಲಿನ ಕೆಲಸ ಅವರಿಗೆ ನೆರವಾಯಿತು.

ಆದರೆ ಅವರು ಬಿಟ್ಟುಹೋದ ದೊಡ್ಡ ಗುರುತು ಆ ತಂತ್ರಾಂಶಕ್ಕಿಂತ ಬಹಳ ಚಿಕ್ಕದು: ಬರೀ 16 ಬೈಟ್. ಪ್ರತಿ ರೋಮ್ ಕಡತದ ತಲೆಯಲ್ಲಿ 16 ಬೈಟ್‌ಗಳ ಒಂದು ಚೀಟಿ ಅಂಟಿಸುವ ಪದ್ಧತಿಯನ್ನು ಅವರು ತಂದರು. ಈ ಕಾರ್ಟ್ರಿಜ್‌ನಲ್ಲಿ ಕೋಡ್ ಎಷ್ಟಿದೆ, ಚಿತ್ರ ಎಷ್ಟಿದೆ, ಮ್ಯಾಪರ್ ಯಾವುದು ಎಂಬುದು ಅದರಲ್ಲಿ ಇರುತ್ತದೆ. ಸೂಪರ್ ಮಾರಿಯೋ ಬ್ರದರ್ಸ್ ಆಟದಲ್ಲಿ 32 ಕಿಲೋಬೈಟ್ ಕೋಡ್, 8 ಕಿಲೋಬೈಟ್ ಚಿತ್ರ. ಚೀಟಿ ಸೇರಿದರೆ ಕಡತ 40,976 ಬೈಟ್. ಮ್ಯಾಪರ್‌ಗಳಿಗೆ ಅವರು ಕೊಟ್ಟ ಸಂಖ್ಯೆಗಳನ್ನೇ ಇಂದಿಗೂ ಎಲ್ಲರೂ ಬಳಸುತ್ತಾರೆ. ತಾಂತ್ರಿಕವಾಗಿ ಅದು ಅಚ್ಚುಕಟ್ಟಾದ ವಿನ್ಯಾಸವೇನಲ್ಲ, ಅದರ ಕೊರತೆ ತುಂಬಲು 2006ರಲ್ಲಿ ಎನ್‌ಇಎಸ್ 2.0 ಎಂಬ ವಿಸ್ತರಣೆ ಬರಬೇಕಾಯಿತು. ಆದರೂ ಒಬ್ಬರು ತಮ್ಮ ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡು ಇಡೀ ಕ್ಷೇತ್ರದ ಸಾಮಾನ್ಯ ಭಾಷೆಯಾಯಿತು.

ನೆಸ್ಟಿಕಲ್ ಬಂದಾಗ ಏನು ಬದಲಾಯಿತು?

1997ರ ಏಪ್ರಿಲ್ 3ರಂದು ಬ್ಲಡ್‌ಲಸ್ಟ್ ಸಾಫ್ಟ್‌ವೇರ್ ಹೆಸರಿನಲ್ಲಿ ಐಸರ್ ಆ್ಯಡಿಸ್ ಬಿಡುಗಡೆ ಮಾಡಿದ ನೆಸ್ಟಿಕಲ್ ಎಂಬ ಎನ್‌ಇಎಸ್ ಎಮ್ಯುಲೇಟರ್ ಪೂರ್ತಿ ಉಚಿತವಾಗಿತ್ತು, 486 ಪ್ರೊಸೆಸರ್‌ನ ಸಾಧಾರಣ ಕಂಪ್ಯೂಟರಿನಲ್ಲೂ ಆಟ ಆಡುವಷ್ಟು ವೇಗವಾಗಿತ್ತು. ಅಲ್ಲಿಯವರೆಗೆ ಎನ್‌ಇಎಸ್ ಎಮ್ಯುಲೇಷನ್ ಎಂದರೆ ಆಸಕ್ತ ಪ್ರೋಗ್ರಾಮರ್‌ಗಳ ವಿಷಯ. ನೆಸ್ಟಿಕಲ್ ನಂತರ ಅದು ಹಾಸ್ಟೆಲ್ ಕೋಣೆಗಳ ವಿಷಯವಾಯಿತು.

ಆಟವನ್ನು ಯಾವ ಕ್ಷಣದಲ್ಲಾದರೂ ಹಾಗೇ ನಿಲ್ಲಿಸಿ ಉಳಿಸಿಟ್ಟು, ಮತ್ತೆ ಅಲ್ಲಿಂದಲೇ ಮುಂದುವರಿಸುವ ಸೌಲಭ್ಯ ಜನಪ್ರಿಯವಾದದ್ದು ಇಂಥ ಎಮ್ಯುಲೇಟರ್‌ಗಳಿಂದ. ಮೂಲ ಯಂತ್ರಕ್ಕೆ ಈ ಶಕ್ತಿಯೇ ಇರಲಿಲ್ಲ. ಆಟದ ಚಿತ್ರಗಳನ್ನು, ಬಣ್ಣಗಳನ್ನು ಒಳಗಿನಿಂದಲೇ ತಿದ್ದುವ ಸಾಧನಗಳೂ ನೆಸ್ಟಿಕಲ್‌ನಲ್ಲಿದ್ದವು. ಆಡುವವನು ಆಟವನ್ನು ಬಿಚ್ಚಿ ನೋಡಬಹುದು ಎಂಬ ಅರಿವು ಎಷ್ಟೋ ಹುಡುಗರಿಗೆ ಮೊದಲು ಬಂದದ್ದು ಅಲ್ಲಿ. ರಕ್ತ ಸೋರುವ ಕೈಯನ್ನು ಮೌಸ್ ಗುರುತಾಗಿ ಇಟ್ಟಿದ್ದ ಅದರ ಒರಟು ಅಭಿರುಚಿ ನನಗೆ ಹಿಡಿಸುವುದಿಲ್ಲ. ಆದರೆ ಆ ಕೋಡ್‌ನ ಚುರುಕುತನವನ್ನು ಮೆಚ್ಚದೆ ಇರಲಾಗದು.

ಸಮುದಾಯದ ಕೆಟ್ಟ ಮುಖ ಕಂಡದ್ದೂ ಇದೇ ಪ್ರಸಂಗದಲ್ಲಿ. ನೆಸ್ಟಿಕಲ್‌ನ ಮೂಲ ಕೋಡನ್ನು ಲೇಖಕರ ಅನುಮತಿಯಿಲ್ಲದೆ ಕದ್ದು ಹಂಚಲಾಯಿತು. 1998ರ ನಂತರ ಅದರ ಹೊಸ ಆವೃತ್ತಿ ಬರಲಿಲ್ಲ.

ಕಾರ್ಟ್ರಿಜ್‌ಗಳೊಳಗಿನ ಆಟಗಳು ಕಡತಗಳಾಗಿ ಹೊರಬಂದದ್ದು ಹೇಗೆ?

ಎಮ್ಯುಲೇಟರ್‌ಗಳು ಜನಪ್ರಿಯವಾಗುವ ಮೊದಲೇ ತೈವಾನ್ ಮತ್ತು ಹಾಂಗ್‌ಕಾಂಗ್‌ಗಳಲ್ಲಿ 'ಕಾಪಿಯರ್' ಎಂಬ ಉಪಕರಣಗಳು ತಯಾರಾಗುತ್ತಿದ್ದವು. ಸೂಪರ್ ಮ್ಯಾಜಿಕಾಮ್, ಸೂಪರ್ ವೈಲ್ಡ್ ಕಾರ್ಡ್ ಮುಂತಾದವು ಸೂಪರ್ ನಿಂಟೆಂಡೊ ಯಂತ್ರದ ಮೇಲೆ ಕೂತು, ಕಾರ್ಟ್ರಿಜ್ ಓದಿ, ಫ್ಲಾಪಿಗೆ ಇಳಿಸುತ್ತಿದ್ದವು. ಆ ಯಂತ್ರದ ಆಟಗಳ ಕಡತಗಳಿಗೆ ಇಂದಿಗೂ ಕಾಣುವ 'ಎಸ್‌ಎಂಸಿ' ಎಂಬ ಬಾಲ ಸೂಪರ್ ಮ್ಯಾಜಿಕಾಮ್‌ನಿಂದ ಬಂದದ್ದು. ಹಾಂಗ್‌ಕಾಂಗ್‌ನ ಬಂಗ್ ಕಂಪನಿ ನಿಂಟೆಂಡೊ 64ಕ್ಕೆ ಡಾಕ್ಟರ್ ವಿ64 ಎಂಬುದನ್ನು ಮಾರಿತು.

ಇವುಗಳ ಮುಖ್ಯ ಬಳಕೆ ನಕಲಿ ಮಾರಾಟಕ್ಕೇ ಆಗಿತ್ತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಮುಂದೆ ಆಟಗಳನ್ನು ಶುದ್ಧವಾಗಿ ಉಳಿಸುವ ಕೆಲಸ ಶುರುವಾದದ್ದೂ ಅದೇ ಕಡತಗಳ ರಾಶಿಯಿಂದ. ನಕಲುದಾರರು ಹೆಸರು ಕೆತ್ತಿ, ಕೋಡ್ ತಿದ್ದಿ, ಅರ್ಧಂಬರ್ಧ ಓದಿ ಹರಡಿದ್ದ ಪ್ರತಿಗಳ ನಡುವೆ ಯಾವುದು ಮೂಲ ಎಂದು ಗುರುತಿಸಬೇಕಿತ್ತು. ಪ್ರತಿ ಕಡತಕ್ಕೂ ಗಣಿತದಿಂದ ಒಂದು ಗುರುತುಸಂಖ್ಯೆ ಪಡೆದು ತಾಳೆ ನೋಡುವ 'ಗುಡ್‌ನೆಸ್' ಸಾಧನ, ಆಮೇಲೆ ನೋ-ಇಂಟ್ರೊ, ಡಿಸ್ಕ್‌ಗಳಿಗಾಗಿ ರಿಡಂಪ್ ಎಂಬ ಯೋಜನೆಗಳು ಇದನ್ನು ಮಾಡಿದವು. ನಮ್ಮ ಹಳಗನ್ನಡ ಕಾವ್ಯಗಳ ಓಲೆಪ್ರತಿಗಳನ್ನು ಒಂದರ ಪಕ್ಕ ಒಂದಿಟ್ಟು ಪಾಠಾಂತರ ಗುರುತಿಸಿದ ವಿದ್ವಾಂಸರ ಶ್ರಮಕ್ಕೆ ಇದು ಬಹಳ ಹತ್ತಿರ.

ಮೇಮ್ ಎಂದರೇನು? ಅದು ಬೇರೆ ಎಮ್ಯುಲೇಟರ್‌ಗಳಂತೆಯೇ ಅಲ್ಲವೇ?

ಅಲ್ಲ. ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಆರ್ಕೇಡ್ ಎಂದರೆ ನಾಣ್ಯ ಹಾಕಿ ಆಡುವ ದೊಡ್ಡ ಪೆಟ್ಟಿಗೆಗಳು. ಒಂದೊಂದು ಆಟಕ್ಕೂ ಒಂದೊಂದು ಸರ್ಕ್ಯೂಟ್ ಬೋರ್ಡ್. 1990ರ ದಶಕದ ಮಧ್ಯದಲ್ಲಿ ಒಬ್ಬೊಬ್ಬರು ಒಂದೊಂದು ಆಟಕ್ಕೆ ಪ್ರತ್ಯೇಕ ಎಮ್ಯುಲೇಟರ್ ಬರೆಯುತ್ತಿದ್ದರು. ಇಟಲಿಯ ನಿಕೊಲಾ ಸಾಲ್ಮೋರಿಯಾ 1996ರ ಡಿಸೆಂಬರ್ ಕೊನೆಯಲ್ಲಿ ಪ್ಯಾಕ್-ಮ್ಯಾನ್ ಬಳಗದ ಹಲವು ಆಟಗಳನ್ನು ಒಂದೇ ಪ್ರೋಗ್ರಾಂಗೆ ತರುವ ಕೆಲಸ ಹಿಡಿದರು. 1997ರ ಫೆಬ್ರವರಿ 5ರಂದು ಅದು ಮೇಮ್ 0.1 ಆಗಿ ಹೊರಬಂತು. ಒಂದೇ ಚೌಕಟ್ಟು, ಅದರೊಳಗೆ ಪ್ರತಿ ಪ್ರೊಸೆಸರ್‌ಗೆ ಒಂದು ಭಾಗ, ಪ್ರತಿ ಬೋರ್ಡ್‌ಗೆ ಒಂದು ಚಿಕ್ಕ ವಿವರಣೆ. ಹೊಸಬನೊಬ್ಬ ತನಗೆ ಗೊತ್ತಿರುವ ಒಂದೇ ಒಂದು ಬೋರ್ಡ್ ಬಗ್ಗೆ ಬರೆದರೂ ಸಾಕು, ಉಳಿದದ್ದೆಲ್ಲ ಆಗಲೇ ಅಲ್ಲಿರುತ್ತಿತ್ತು. ಮೂಲ ಕೋಡ್ ಎಲ್ಲರಿಗೂ ತೆರೆದಿತ್ತು. ಕೆಲವೇ ವರ್ಷಗಳಲ್ಲಿ ಅದು ಸಾವಿರಾರು ಆಟಗಳಿಗೆ ಬೆಳೆಯಲು ಆ ವಿನ್ಯಾಸವೇ ಕಾರಣ.

ಯಂತ್ರಾಂಶ ಹೇಗೆ ಕೆಲಸ ಮಾಡುತ್ತದೆಂದು ದಾಖಲಿಸುವುದು ತನ್ನ ಉದ್ದೇಶ, ಆಟ ಆಡಲು ಬರುವುದು ಆ ದಾಖಲೆ ಸರಿಯಿದೆ ಎಂಬುದಕ್ಕೆ ಸಾಕ್ಷಿ ಎಂದು ಮೇಮ್ ತಂಡ ಹೇಳಿಕೊಂಡು ಬಂದಿದೆ. ಇದನ್ನು ಕಾನೂನಿನಿಂದ ತಪ್ಪಿಸಿಕೊಳ್ಳುವ ನೆಪವೆಂದು ಕೆಲವರು ತಳ್ಳಿಹಾಕುತ್ತಾರೆ. ಅವರು ಕ್ಯಾಪ್‌ಕಾಮ್‌ನ ಸಿಪಿಎಸ್-2 ಬೋರ್ಡ್‌ನ ಪ್ರಸಂಗವನ್ನು ಓದಬೇಕು.

ಸಿಪಿಎಸ್-2ರ ಆಟಗಳ ಕೋಡ್ ಗೂಢಲಿಪಿಯಲ್ಲಿರುತ್ತಿತ್ತು. ಅದನ್ನು ಬಿಡಿಸುವ ಕೀಲಿ ಬೋರ್ಡ್‌ನ ಮೇಲೆ ಬ್ಯಾಟರಿಯ ಬಲದಿಂದ ಜೀವ ಹಿಡಿದ ಮೆಮೊರಿಯಲ್ಲಿತ್ತು. ಬ್ಯಾಟರಿ ಬರಿದಾದರೆ ಕೀಲಿ ಅಳಿಸಿಹೋಗುತ್ತದೆ, ಬೋರ್ಡ್ ಸಾಯುತ್ತದೆ. ಹಣ ಕೊಟ್ಟು ಕೊಂಡವನ ಬೋರ್ಡ್ ಕೂಡ ಹಾಗೆಯೇ ಸಾಯುತ್ತದೆ. ಸಂಗ್ರಹಕಾರರು ಇದನ್ನು ಆತ್ಮಹತ್ಯಾ ಬ್ಯಾಟರಿ ಎಂದೇ ಕರೆದರು. 2001ರ ಆರಂಭದಲ್ಲಿ ಸಿಪಿಎಸ್-2 ಶಾಕ್ ಎಂಬ ತಂಡ ಜೀವಂತ ಬೋರ್ಡ್‌ಗಳಿಂದಲೇ ಬಿಡಿಸಿದ ಕೋಡನ್ನು ಹೊರತೆಗೆಯುವ ದಾರಿ ಕಂಡುಕೊಂಡಿತು. 2007ರಲ್ಲಿ ಆಂಡ್ರಿಯಾಸ್ ನೈವ್ ಮತ್ತು ಸಾಲ್ಮೋರಿಯಾ ಸೇರಿ ಗೂಢಲಿಪಿಯ ಸೂತ್ರವನ್ನೇ ಪೂರ್ತಿ ಬಿಡಿಸಿದರು. ಸತ್ತ ಬೋರ್ಡ್‌ಗಳನ್ನು ಮತ್ತೆ ನಡೆಯುವಂತೆ ಮಾಡಲು ಸಂಗ್ರಹಕಾರರಿಗೆ ಸಾಧ್ಯವಾದದ್ದು ಈ ಕೆಲಸದಿಂದ. ಕಂಪನಿಯೇ ಆಯಸ್ಸು ಕಟ್ಟಿಕೊಟ್ಟಿದ್ದ ಆಟಗಳನ್ನು ಹೊರಗಿನವರು ಉಳಿಸಿದರು. ಇದಕ್ಕಿಂತ ನೇರವಾದ ಉದಾಹರಣೆ ನನಗೆ ಬೇಕಿಲ್ಲ.

ಸೂಪರ್ ನಿಂಟೆಂಡೊ ಎಮ್ಯುಲೇಟರ್‌ಗಳ ಬಗ್ಗೆ ಇಷ್ಟೊಂದು ಜಗಳ ಏಕೆ ನಡೆಯಿತು?

ವೇಗ ಮುಖ್ಯವೋ ನಿಖರತೆ ಮುಖ್ಯವೋ ಎಂಬ ಪ್ರಶ್ನೆ ಅಲ್ಲಿ ತೀವ್ರವಾಗಿ ಎದ್ದಿತು.

1997ರಲ್ಲಿ ಗ್ಯಾರಿ ಹೆಂಡರ್ಸನ್ ಮತ್ತು ಜೆರೆಮಿ ಕೂಟ್ ಬರೆಯುತ್ತಿದ್ದ ಎರಡು ಬೇರೆ ಎಮ್ಯುಲೇಟರ್‌ಗಳು ಒಂದಾಗಿ ಸ್ನೆಸ್9ಎಕ್ಸ್ ಆಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಜೆಡ್‌ಎಸ್‌ನೆಸ್ ಬಂತು. ಜೆಡ್‌ಎಸ್‌ನೆಸ್ ಬಹುಪಾಲು ಪ್ರೊಸೆಸರ್‌ನ ಆದೇಶಗಳಿಗೆ ಬಹಳ ಹತ್ತಿರವಾದ ಅಸೆಂಬ್ಲಿ ಭಾಷೆಯಲ್ಲಿ ಬರೆದದ್ದು, ಹಾಗಾಗಿ ಅಂದಿನ ಪೆಂಟಿಯಂ ಯಂತ್ರಗಳಲ್ಲಿ ಬಹಳ ಚುರುಕಾಗಿ ಓಡುತ್ತಿತ್ತು. ಆ ಚುರುಕುತನಕ್ಕಾಗಿ ಅಲ್ಲಲ್ಲಿ ಅಡ್ಡದಾರಿ ಹಿಡಿದಿತ್ತು. ಒಂದೊಂದು ಜನಪ್ರಿಯ ಆಟಕ್ಕೆ ಬೇಕಾದ ವಿಶೇಷ ತಿದ್ದುಪಡಿಗಳನ್ನು ಒಳಗೇ ಸೇರಿಸಿ ಕೆಲಸ ಸಾಗಿಸುತ್ತಿತ್ತು.

ಅದರ ಪರಿಣಾಮ ನಿಧಾನವಾಗಿ ಕಂಡಿತು. ಅಭಿಮಾನಿಗಳು ಆಟಗಳನ್ನು ತಿದ್ದಿ ಹೊಸ ಹಂತಗಳನ್ನೂ ಅನುವಾದಗಳನ್ನೂ ಮಾಡುವಾಗ ಜೆಡ್‌ಎಸ್‌ನೆಸ್‌ನಲ್ಲಿ ಮಾತ್ರ ಪರೀಕ್ಷಿಸುತ್ತಿದ್ದರು. ಅದರ ತಪ್ಪುಗಳನ್ನೇ ಯಂತ್ರದ ಸ್ವಭಾವವೆಂದು ನಂಬಿ ಬರೆದ ಎಷ್ಟೋ ಕೃತಿಗಳು ನಿಜವಾದ ಸೂಪರ್ ನಿಂಟೆಂಡೊದಲ್ಲಿ ನಡೆಯಲೇ ಇಲ್ಲ.

ಬೈಯೂ ಎಂಬ ಹೆಸರಿನಲ್ಲಿ, ಮುಂದೆ ನಿಯರ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಪ್ರೋಗ್ರಾಮರ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೊರಟರು. ಅವರ ಬಿಸ್ನೆಸ್ ಎಮ್ಯುಲೇಟರ್ 2000ರ ದಶಕದ ಮಧ್ಯದಿಂದ ಬೆಳೆಯಿತು. ಯಾವ ಆಟಕ್ಕೂ ವಿಶೇಷ ತಿದ್ದುಪಡಿ ಇರಬಾರದು, ಪ್ರತಿ ಚಿಪ್ ಪ್ರತಿ ಗಡಿಯಾರ ಮಿಡಿತದಲ್ಲಿ ಮಾಡುವುದನ್ನೇ ಮಾಡಬೇಕು ಎಂಬುದು ಅವರ ಹಟ. 'ಏರ್ ಸ್ಟ್ರೈಕ್ ಪಟ್ರೋಲ್' ಎಂಬ ಆಟದಲ್ಲಿ ವಿಮಾನದ ನೆರಳು ಪರದೆಯ ಒಂದೇ ಗೆರೆ ಬಿಡಿಸುವ ನಡುವೆ ಮಾಡುವ ಬದಲಾವಣೆಯಿಂದ ಮೂಡುತ್ತದೆ. ಗೆರೆಯನ್ನು ಒಮ್ಮೆಲೇ ಬಿಡಿಸುವ ಎಮ್ಯುಲೇಟರ್‌ನಲ್ಲಿ ಆ ನೆರಳು ಕಾಣುವುದೇ ಇಲ್ಲ. ಇಂಥ ನೆರಳಿಗಾಗಿ ಸುಮಾರು 3 ಗಿಗಾಹರ್ಟ್ಸ್ ಕಂಪ್ಯೂಟರ್ ಬೇಕು ಎಂದಾಗ ಅನೇಕರು ಸಿಟ್ಟಾದರು. ನಾನು ನಿಯರ್ ಅವರ ಪಕ್ಷ. ಕಂಪ್ಯೂಟರ್‌ಗಳು ವರ್ಷದಿಂದ ವರ್ಷಕ್ಕೆ ವೇಗವಾಗುತ್ತವೆ, ಮೂಲ ಯಂತ್ರಗಳು ಮಾತ್ರ ಕಡಿಮೆಯಾಗುತ್ತಾ ಹೋಗುತ್ತವೆ. ಅಳೆದು ನೋಡಲು ಅವು ಕೈಯಲ್ಲಿರುವಾಗಲೇ ಸರಿಯಾಗಿ ಅಳೆಯಬೇಕು.

ಕಾರ್ಟ್ರಿಜ್‌ಗಳಲ್ಲಿದ್ದ ಸಹಾಯಕ ಚಿಪ್‌ಗಳನ್ನು ಆಮ್ಲದಿಂದ ತೆರೆದು, ಸೂಕ್ಷ್ಮದರ್ಶಕದಲ್ಲಿ ನೋಡಿ ಒಳಗಿನ ಕೋಡ್ ಓದುವ ಕೆಲಸಕ್ಕೆ ಅವರು ಸಮುದಾಯದಿಂದ ಹಣ ಕೂಡಿಸಿದ್ದರು. 2021ರಲ್ಲಿ ನಿಯರ್ ತೀರಿಕೊಂಡರು. ಇಂದಿನ ಸೂಪರ್ ನಿಂಟೆಂಡೊ ಎಮ್ಯುಲೇಟರ್‌ಗಳು ಅವರ ಸಂಶೋಧನೆಯ ಋಣದಲ್ಲಿವೆ.

1999ರ ಅಲ್ಟ್ರಾಎಚ್‌ಎಲ್‌ಇ ಗಲಾಟೆ ಏನು?

ಅಲ್ಲಿಯವರೆಗೆ ಎಮ್ಯುಲೇಟರ್‌ಗಳು ಹಳೆಯ ಯಂತ್ರಗಳ ಬೆನ್ನು ಹತ್ತಿದ್ದವು. 1999ರ ಜನವರಿ 28ರಂದು ಎಪ್ಸಿಲಾನ್ ಮತ್ತು ರಿಯಾಲಿಟಿಮ್ಯಾನ್ ಎಂಬ ಗುಪ್ತನಾಮದ ಇಬ್ಬರು ನಿಂಟೆಂಡೊ 64ರ ಎಮ್ಯುಲೇಟರ್ ಬಿಡುಗಡೆ ಮಾಡಿದರು. ಆ ಕನ್ಸೋಲ್ ಬಂದು ಮೂರು ವರ್ಷವೂ ತುಂಬಿರಲಿಲ್ಲ, ಅದರ ಹೆಸರಾಂತ ಜೆಲ್ಡಾ ಆಟ 'ಆಕರಿನಾ ಆಫ್ ಟೈಮ್' ಬಂದದ್ದು ಹಿಂದಿನ ನವೆಂಬರ್‌ನಲ್ಲಿ.

ಗ್ರಾಫಿಕ್ಸ್ ಚಿಪ್‌ನ ಪ್ರತಿ ಹೆಜ್ಜೆಯನ್ನೂ ಅನುಕರಿಸಲು ಅಂದಿನ ಯಂತ್ರಗಳಿಗೆ ಬಲವಿರಲಿಲ್ಲ. ಹಾಗಾಗಿ ಅವರು ಆಟ "ಈ ತ್ರಿಕೋನ ಬಿಡಿಸು" ಎಂದು ಕೊಡುವ ಪಟ್ಟಿಯನ್ನೇ ನಡುವೆ ಹಿಡಿದು, ಕಂಪ್ಯೂಟರಿನ 3ಡಿಎಫ್‌ಎಕ್ಸ್ ವೂಡೂ ಎಂಬ ಗ್ರಾಫಿಕ್ಸ್ ಕಾರ್ಡ್‌ಗೆ ಅರ್ಥವಾಗುವ ಆದೇಶಗಳಾಗಿ ದಾಟಿಸಿದರು. ನಿಂಟೆಂಡೊ ಕಾನೂನು ಕ್ರಮದ ಮಾತೆತ್ತಿತು. ಲೇಖಕರು ಬಹುಬೇಗ ಅದನ್ನು ಹಿಂತೆಗೆದರು. ಅಷ್ಟರಲ್ಲಿ ಪ್ರತಿಗಳು ಎಲ್ಲೆಡೆ ಹರಡಿದ್ದವು.

ನ್ಯಾಯಾಲಯಗಳು ಏನು ಹೇಳಿದವು? ಎಮ್ಯುಲೇಟರ್ ಬರೆಯುವುದು ಅಪರಾಧವೇ?

ಅಮೆರಿಕದಲ್ಲಿ ಮುಖ್ಯವಾದದ್ದು ಸೋನಿ ಮತ್ತು ಕನೆಕ್ಟಿಕ್ಸ್ ನಡುವಿನ ಮೊಕದ್ದಮೆ. ಮ್ಯಾಕಿಂಟಾಷ್‌ನಲ್ಲಿ ಪ್ಲೇಸ್ಟೇಷನ್ ಆಟಗಳನ್ನು ನಡೆಸುವ ಕನೆಕ್ಟಿಕ್ಸ್‌ನ ವರ್ಚುವಲ್ ಗೇಮ್ ಸ್ಟೇಷನ್ ಅನ್ನು 1999ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಅವರೇ ವೇದಿಕೆಯ ಮೇಲೆ ತೋರಿಸಿದರು. ಅದೇ ತಿಂಗಳು ಸೋನಿ ದಾವೆ ಹೂಡಿತು. ಕನೆಕ್ಟಿಕ್ಸ್ ಎಂಜಿನಿಯರ್‌ಗಳು ಕೊಂಡುತಂದ ಪ್ಲೇಸ್ಟೇಷನ್‌ನ ಬಯೋಸ್, ಅಂದರೆ ಯಂತ್ರದೊಳಗೇ ಇರುವ ಮೂಲ ವ್ಯವಸ್ಥೆಯ ಕೋಡನ್ನು ಹೊರತೆಗೆದು, ಪದೇ ಪದೇ ನಕಲು ಮಾಡಿ ಅಧ್ಯಯನ ಮಾಡಿದ್ದು ನಿಜ. ಆದರೆ ಮಾರಾಟದ ತಂತ್ರಾಂಶದಲ್ಲಿ ಸೋನಿಯ ಕೋಡ್ ಇರಲಿಲ್ಲ. ಅಧ್ಯಯನಕ್ಕಾಗಿ ಮಾಡಿದ ನಡುವಿನ ನಕಲು ನ್ಯಾಯಯುತ ಬಳಕೆ ಎಂದು 2000ದ ಫೆಬ್ರವರಿಯಲ್ಲಿ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಅದಕ್ಕೆ ಸೆಗಾ ಮತ್ತು ಅಕೊಲೇಡ್ ಎಂಬ ಗೇಮ್ ಕಂಪನಿಗಳ ಮೊಕದ್ದಮೆಯ 1992ರ ತೀರ್ಪು ಆಧಾರವಾಯಿತು.

ಗೆದ್ದ ಕನೆಕ್ಟಿಕ್ಸ್‌ನಿಂದ 2001ರಲ್ಲಿ ಸೋನಿ ಆ ತಂತ್ರಾಂಶವನ್ನು ಕೊಂಡು ನಿಲ್ಲಿಸಿಬಿಟ್ಟಿತು. ಪ್ಲೇಸ್ಟೇಷನ್ ಎಮ್ಯುಲೇಟರ್ ಮಾರುತ್ತಿದ್ದ ಬ್ಲೀಮ್ ಎಂಬ ಇನ್ನೊಂದು ಚಿಕ್ಕ ಕಂಪನಿ ನ್ಯಾಯಾಲಯದಲ್ಲಿ ಸೋನಿಯನ್ನು ಎದುರಿಸಿ ನಿಂತರೂ ಮೊಕದ್ದಮೆಯ ಖರ್ಚಿನ ಭಾರಕ್ಕೆ 2001ರಲ್ಲಿ ಬಾಗಿಲು ಹಾಕಿತು. ಕಾನೂನು ನಿಮ್ಮ ಪರ ಇದ್ದ ಮಾತ್ರಕ್ಕೆ ನೀವು ಉಳಿಯುತ್ತೀರಿ ಎಂದಿಲ್ಲ ಎಂಬುದನ್ನು ಹವ್ಯಾಸಿ ಪ್ರೋಗ್ರಾಮರ್‌ಗಳು ಚೆನ್ನಾಗಿ ಗಮನಿಸಿದರು.

ರೋಮ್ ಇಳಿಸಿಕೊಂಡು 24 ಗಂಟೆಯೊಳಗೆ ಅಳಿಸಿದರೆ ತಪ್ಪಿಲ್ಲ ಎನ್ನುತ್ತಾರಲ್ಲ?

ಅಂಥ ನಿಯಮ ಯಾವ ದೇಶದ ಕಾನೂನಿನಲ್ಲೂ ಇಲ್ಲ. 1990ರ ದಶಕದ ರೋಮ್ ಹಂಚುವ ತಾಣಗಳು ತಮ್ಮ ರಕ್ಷಣೆಗೆಂದು ಬರೆದುಕೊಂಡ ಸಾಲು ಅದು.

ಭಾರತದಲ್ಲಿ ಕಾನೂನು ಹೇಗಿದೆ?

1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ಕಂಪ್ಯೂಟರ್ ಪ್ರೋಗ್ರಾಂಗಳಿಗೆ ಕೆಲವು ವಿನಾಯಿತಿ ಕೊಡುತ್ತದೆ. ಒಂದು ಪ್ರೋಗ್ರಾಂನ ಹಿಂದಿನ ತತ್ತ್ವಗಳನ್ನು ತಿಳಿಯಲು ಅದರ ಕೆಲಸವನ್ನು ಗಮನಿಸುವುದು, ಪರೀಕ್ಷಿಸುವುದು ಅದರಲ್ಲಿ ಸೇರಿದೆ. ಕಾನೂನುಬದ್ಧವಾಗಿ ಪಡೆದ ಸ್ವಂತ ಪ್ರತಿಯಿಂದ ಲಾಭದ ಉದ್ದೇಶವಿಲ್ಲದ ವೈಯಕ್ತಿಕ ಬಳಕೆಗೆ ನಕಲು ಮಾಡಿಕೊಳ್ಳುವುದೂ ಸೇರಿದೆ. 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಂ ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಒಡೆಯುವುದನ್ನು ಶಿಕ್ಷಾರ್ಹವಾಗಿಸಿದೆ. ನಿಮ್ಮದೇ ಕಾರ್ಟ್ರಿಜ್ ಓದಿ ಇಟ್ಟುಕೊಳ್ಳುವುದಕ್ಕೂ ಅಪರಿಚಿತ ತಾಣದಿಂದ ಸಾವಿರ ಆಟ ಇಳಿಸಿಕೊಳ್ಳುವುದಕ್ಕೂ ಕಾನೂನಿನ ಕಣ್ಣಲ್ಲಿ ಬಹಳ ಅಂತರವಿದೆ. ನಿರ್ದಿಷ್ಟ ಸಂದರ್ಭಕ್ಕೆ ವಕೀಲರನ್ನೇ ಕೇಳಬೇಕು.

ಆಟ ಆಡುವುದನ್ನು ಬಿಟ್ಟು ಆ ಸಮುದಾಯ ಇನ್ನೇನು ಮಾಡಿತು?

ಅನುವಾದ ಮಾಡಿತು. ಜಪಾನಿನಲ್ಲಿ 1992ರ ಡಿಸೆಂಬರ್‌ನಲ್ಲಿ ಬಂದ ಫೈನಲ್ ಫ್ಯಾಂಟಸಿ 5 ಸೂಪರ್ ನಿಂಟೆಂಡೊದಲ್ಲಿ ಇಂಗ್ಲಿಷಿಗೆ ಬರಲೇ ಇಲ್ಲ. ಆರ್‌ಪಿಜಿಇ ಎಂಬ ಅಭಿಮಾನಿ ತಂಡ 1997ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಹೊರತಂದಿತು. ಕಂಪನಿಯ ಅಧಿಕೃತ ಇಂಗ್ಲಿಷ್ ಆವೃತ್ತಿ ಪ್ಲೇಸ್ಟೇಷನ್‌ಗೆ ಬಂದದ್ದು 1999ರಲ್ಲಿ. ಅನುವಾದಕರು ಹಂಚಿದ್ದು ಆಟವನ್ನಲ್ಲ, ಯಾವ ಬೈಟ್ ಎಲ್ಲಿ ಬದಲಾಗಬೇಕು ಎಂದು ಹೇಳುವ ಐಪಿಎಸ್ ಎಂಬ ಚಿಕ್ಕ ಕಡತವನ್ನು. ಜಪಾನಿ ಅಕ್ಷರಗಳಿಗೆಂದು ಮಾಡಿದ ಕಿರಿದಾದ ಜಾಗದಲ್ಲಿ ಉದ್ದನೆಯ ಇಂಗ್ಲಿಷ್ ವಾಕ್ಯ ಕೂಡಿಸಲು ಆಟದ ಕೋಡನ್ನೇ ಹೊಸದಾಗಿ ಬರೆಯಬೇಕಾಗುತ್ತಿತ್ತು. ನಮ್ಮ ಭಾಷೆಯಲ್ಲಿ ಆಟಗಳೇ ಅಪರೂಪವಾಗಿರುವುದರಿಂದ, ಇಷ್ಟವಾದ ಆಟವನ್ನು ತಮ್ಮ ನುಡಿಯಲ್ಲಿ ಓದಬೇಕೆಂಬ ಆ ಹಂಬಲ ಕನ್ನಡಿಗರಿಗೆ ಯಾರೂ ವಿವರಿಸಬೇಕಿಲ್ಲ.

ಪರೀಕ್ಷಾ ಪ್ರೋಗ್ರಾಂಗಳನ್ನು ಬರೆದಿತು. ಬ್ಲಾರ್ಗ್ ಎಂಬ ಗುಪ್ತನಾಮದವರು ಬರೆದ ಪುಟ್ಟ ರೋಮ್‌ಗಳು ನಿಜವಾದ ಎನ್‌ಇಎಸ್‌ನಲ್ಲಿ ಒಂದು ಉತ್ತರ ಕೊಡುತ್ತವೆ. ಎಮ್ಯುಲೇಟರ್ ಬೇರೆ ಉತ್ತರ ಕೊಟ್ಟರೆ ತಪ್ಪೆಲ್ಲಿದೆ ಎಂದು ಗೊತ್ತಾಗುತ್ತದೆ. ಇಂದು ಯಾವ ಹುಡುಗಿಯಾಗಲಿ ಹುಡುಗನಾಗಲಿ ಎನ್‌ಇಎಸ್ ಎಮ್ಯುಲೇಟರ್ ಬರೆಯಲು ಕೂತರೆ ಮೊದಲು ತೆರೆಯುವುದು ಇವುಗಳನ್ನೇ.

ಉಳಿಸಿ-ಮರಳಿ ಆಡುವ ಸೌಲಭ್ಯದಿಂದ ಇನ್ನೊಂದು ಕಲೆಯೂ ಹುಟ್ಟಿತು. 2003ರಲ್ಲಿ ಸೂಪರ್ ಮಾರಿಯೋ ಬ್ರದರ್ಸ್ 3 ಆಟವನ್ನು ಸುಮಾರು 11 ನಿಮಿಷದಲ್ಲಿ ಮುಗಿಸುವ ಒಂದು ಜಪಾನಿ ವಿಡಿಯೋ ಜಗತ್ತನ್ನೆಲ್ಲ ಬೆರಗುಗೊಳಿಸಿತು. ಅದು ಎಮ್ಯುಲೇಟರ್‌ನಲ್ಲಿ ನಿಧಾನವಾಗಿ, ತಪ್ಪಿದಾಗಲೆಲ್ಲ ಹಿಂದೆ ಹೋಗಿ ಕಟ್ಟಿದ ಆಟ ಎಂದು ತಿಳಿದಾಗ ಕೆಲವರು ಮೋಸವೆಂದರು. ಮನುಷ್ಯನ ಬೆರಳಿನ ಮಿತಿ ತೆಗೆದರೆ ಆಟದೊಳಗೆ ಏನೇನು ಸಾಧ್ಯ ಎಂದು ಹುಡುಕುವ ಆ ಕೆಲಸಕ್ಕೆ ಇಂದು ಪ್ರತ್ಯೇಕ ಬಳಗವೇ ಇದೆ.

ನಿಂಟೆಂಡೊ ಕೂಡ ಎಮ್ಯುಲೇಟರ್ ಬಳಸುತ್ತದೆಯೇ?

ಬಳಸುತ್ತದೆ. 2006ರಲ್ಲಿ ವೀ ಯಂತ್ರದ ಜೊತೆ ಬಂದ ವರ್ಚುವಲ್ ಕನ್ಸೋಲ್‌ನಲ್ಲಿ ಹಳೆಯ ಆಟಗಳು ನಡೆದದ್ದು ಎಮ್ಯುಲೇಷನ್‌ನಿಂದಲೇ. ಎಮ್ಯುಲೇಟರ್‌ಗಳು ಆಟ ತಯಾರಕರ ಹಕ್ಕುಗಳಿಗೆ ಅತಿ ದೊಡ್ಡ ಅಪಾಯ ಎಂದು ಅದೇ ಕಂಪನಿ ತನ್ನ ತಾಣದಲ್ಲಿ ವರ್ಷಗಟ್ಟಲೆ ಬರೆದಿತ್ತು. ಅದು ಮಾರಿದ ಸೂಪರ್ ಮಾರಿಯೋ ಬ್ರದರ್ಸ್ ಕಡತದ ತಲೆಯಲ್ಲಿ ಫೈಜುಲ್ಲಿನ್ ಅವರ ಅದೇ 16 ಬೈಟ್ ಚೀಟಿ ಇತ್ತು ಎಂದು ವಿಡಿಯೋ ಗೇಮ್ ಚರಿತ್ರೆಕಾರ ಫ್ರಾಂಕ್ ಸಿಫಾಲ್ಡಿ 2016ರ ಒಂದು ಉಪನ್ಯಾಸದಲ್ಲಿ ತೋರಿಸಿದರು. ನಿಂಟೆಂಡೊ ತನ್ನದೇ ಆಟವನ್ನು ಅಂತರ್ಜಾಲದಿಂದ ಇಳಿಸಿಕೊಂಡಿತು ಎಂದು ಅದರಿಂದ ಸಾಬೀತಾಗುವುದಿಲ್ಲ. ಹವ್ಯಾಸಿಗಳು ರೂಪಿಸಿದ ಪದ್ಧತಿಯನ್ನು ಕಂಪನಿಯೂ ಬಳಸಿತು ಎಂಬಷ್ಟು ಸ್ಪಷ್ಟ.

ಸಿಫಾಲ್ಡಿ ಸ್ಥಾಪಿಸಿದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ನಡೆಸಿದ ಅಧ್ಯಯನದ ಪ್ರಕಾರ, 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರಾಟದಲ್ಲಿ ಇಲ್ಲ. ಹಣ ಕೊಡುತ್ತೇನೆಂದರೂ ಸಿಗುವುದಿಲ್ಲ.

ಚಿಕ್ಕಂದಿನಲ್ಲಿ ಟಿ.ವಿ.ಗೆ ಹಾಕಿ ಆಡಿದ ವಿಡಿಯೋ ಗೇಮ್ ಮತ್ತು ಹಳದಿ ಕ್ಯಾಸೆಟ್‌ಗಳು ಮನೆಯಲ್ಲಿವೆ. ಅವುಗಳಿಗೂ ಈ ಚರಿತ್ರೆಗೂ ಸಂಬಂಧವಿದೆಯೇ?

ಇದೆ. 1990ರ ದಶಕದಲ್ಲಿ ಕರ್ನಾಟಕದ ಮನೆಗಳಿಗೆ ಬಂದ ಟಿ.ವಿ. ವಿಡಿಯೋ ಗೇಮ್‌ಗಳು ಬಹುತೇಕ ಫ್ಯಾಮಿಕಾಮ್‌ನ ತದ್ರೂಪುಗಳು. ಮೂಲ ಯಂತ್ರದ ಚಿಪ್‌ಗಳ ಕೆಲಸವನ್ನು ನಕಲು ಚಿಪ್‌ಗಳಿಗೆ ಇಳಿಸಿದ ಅಗ್ಗದ ಪೆಟ್ಟಿಗೆಗಳು. ನಿಂಟೆಂಡೊ ಎಂಬ ಹೆಸರೇ ಕೇಳದೆ ಒಂದು ಪೀಳಿಗೆ ಇಲ್ಲಿ ಮಾರಿಯೋ, ಕಾಂಟ್ರಾ ಆಡಿ ಬೆಳೆಯಿತು. 9999 ಆಟಗಳೆಂದು ಬರೆದ ಕ್ಯಾಸೆಟ್‌ನಲ್ಲಿ ನಿಜವಾಗಿ ಇರುತ್ತಿದ್ದದ್ದು ಬೆರಳೆಣಿಕೆಯ ಆಟಗಳು, ಉಳಿದವು ಅವುಗಳದೇ ಬೇರೆ ಬೇರೆ ಹಂತಗಳು.

ಅಂಥ ಕ್ಯಾಸೆಟ್‌ಗಳಿಗೂ ತಮ್ಮದೇ ಮ್ಯಾಪರ್‌ಗಳಿದ್ದವು. ಒಂದೇ ಮೇಲ್ಚೀಟಿಯ ಎರಡು ಕ್ಯಾಸೆಟ್‌ಗಳ ಒಳಗೆ ಬೇರೆ ಬೇರೆ ಬೋರ್ಡ್ ಇರುವುದುಂಟು, ಇನ್ನೂ ಯಾರೂ ಓದಿ ದಾಖಲಿಸದವು ಈಗಲೂ ಸಿಗುತ್ತಿವೆ. ಹಾಗಾಗಿ ನಿಮ್ಮಲ್ಲಿರುವುದನ್ನು ಗುಜರಿಗೆ ಹಾಕಬೇಡಿ. ಲೋಹದ ಹಲ್ಲುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಬಾಯಿಂದ ಊದುವುದು ನಾವೆಲ್ಲ ಕಲಿತ ಪಾಠ, ಆದರೆ ಉಸಿರಿನ ತೇವ ಲೋಹವನ್ನು ತಿನ್ನುತ್ತದೆ. ಮೇಲ್ಚೀಟಿ, ಬೋರ್ಡ್‌ನ ಎರಡೂ ಬದಿ, ಪರದೆಯ ಮೇಲಿನ ಆಟಗಳ ಪಟ್ಟಿ, ಮೂರರ ಚಿತ್ರವನ್ನೂ ತೆಗೆದಿಡಿ. ಬೋರ್ಡ್ ಮೇಲೆ ಚಿಪ್‌ನ ಬದಲು ಕಪ್ಪು ಅಂಟಿನ ಗುಡ್ಡೆ ಕಂಡರೆ ಅದನ್ನು ಕೆರೆಯಬೇಡಿ, ಚಿಪ್ ಅದರ ಕೆಳಗೇ ಇರುತ್ತದೆ. ಯುಎಸ್‌ಬಿಗೆ ಜೋಡಿಸಿ ಕಾರ್ಟ್ರಿಜ್ ಓದುವ ಉಪಕರಣಗಳು ಈಗ ಕೊಳ್ಳಲು ಸಿಗುತ್ತವೆ. ಸ್ವತಃ ಕಟ್ಟಿಕೊಳ್ಳಲು ತೆರೆದ ವಿನ್ಯಾಸಗಳೂ ಇವೆ. ಫ್ಯಾಮಿಕಾಮ್ ತದ್ರೂಪುಗಳ ಕ್ಯಾಸೆಟ್ 60 ಪಿನ್ನಿನದು, ಅಮೆರಿಕದ ಎನ್‌ಇಎಸ್‌ನದು 72 ಪಿನ್ನಿನದು. ಉಪಕರಣ ಕೊಳ್ಳುವ ಮುನ್ನ ಅದು 60 ಪಿನ್ ಓದುತ್ತದೆಯೇ ಎಂದು ಕೇಳಿ.